ಮೂರು ಸೀಮೆ ಸುತ್ತಿದ ಕಂಬಳಿ ತಾತ

ನಮ್ಮ ರಾಯದುರ್ಗದ ಸೀಮೆಯಲ್ಲಿ ‘ತಾತ’ ಎಂದರೆ ಅಪ್ಪನ ಅಪ್ಪ. ಜನಕ್ಕೆ ಬೇಕಾದ ಸಾಧುಸಂತರಿಗೂ ಅದೇ ಮಾತು. ಚೆಳ್ಳಗುರ್ಕಿಯ ಎರ್ರಿಸ್ವಾಮಿಗಳನ್ನು ಬಳ್ಳಾರಿ ಕಡೆಯ ಕನ್ನಡದವರೂ ಅನಂತಪುರ ಕಡೆಯ ತೆಲುಗಿನವರೂ ‘ಎರ್ರಿತಾತ’ ಎಂದೇ ಕರೆಯುತ್ತಾರೆ. ಬಳೆ ಮಾರುತ್ತಾ ತಿರುಗಿ, ಕನ್ನಡ ತೆಲುಗು ಎರಡರಲ್ಲೂ ತತ್ವ ಹಾಡಿದ ಕೈವಾರದ ನಾರೇಯಣ ಯತೀಂದ್ರರು ಜನರ ಬಾಯಲ್ಲಿ ‘ಕೈವಾರ ತಾತಯ್ಯ’. ಎರಡು ಭಾಷೆಯ ನಡುವೆ ಬೇಲಿ ಇಲ್ಲದೆ ಉಳಿದ ಮಾತುಗಳಲ್ಲಿ ಇದೂ ಒಂದು.

ನಾನು ಬರೆಯಹೊರಟಿರುವ ತಾತ ಸಂತನಲ್ಲ. ಹಾಲುಮತದವನು, ಕುರಿ ಉಣ್ಣೆಯ ಕಂಬಳಿ ಹೆಗಲಿಗೆ ಹಾಕಿಕೊಂಡು ಊರೂರು ಮಾರಿದವನು, ನಮ್ಮಪ್ಪನ ಅಪ್ಪ. ಆದರೂ ಹಗರಿಯ ಆಚೆ ಈಚೆ ಎಷ್ಟೋ ಹಳ್ಳಿಗಳಲ್ಲಿ ಅವನು ಎಲ್ಲರಿಗೂ ‘ಕಂಬಳಿ ತಾತ’ನೇ.

ಹುಟ್ಟಿದ ಇಸವಿ ಬರೆದಿಟ್ಟವರಿಲ್ಲ. 1918ರಲ್ಲಿ ದೇಶಕ್ಕೆಲ್ಲ ಜ್ವರ ಬಂದು ಜನ ಸತ್ತಾಗ ತಾನು ಕುರಿಮರಿ ಕಾಯುವ ಹುಡುಗ ಎಂದು ಹೇಳುತ್ತಿದ್ದ. ಆ ಲೆಕ್ಕ ಹಿಡಿದರೆ 1910ರ ಸುಮಾರಿಗೆ ಹುಟ್ಟಿರಬೇಕು. ತೀರಿಕೊಂಡದ್ದು 1994ರಲ್ಲಿ, ಯುಗಾದಿ ಇನ್ನು ಹದಿನೈದು ದಿನ ಇದೆ ಎನ್ನುವಾಗ. ಎಂಬತ್ತನಾಲ್ಕು ವರ್ಷದ ಬಾಳಿನಲ್ಲಿ ನಲವತ್ತೈದು ಐವತ್ತು ವರ್ಷ ದಾರಿಯ ಮೇಲೇ ಕಳೆದ. ಅಯ್ಯನವರ ಹತ್ತಿರ ಎರಡು ವರ್ಷ ಮರಳಿನಲ್ಲಿ ಬೆರಳು ತಿದ್ದಿ ಕನ್ನಡ ಅಕ್ಷರ ಕಲಿತಿದ್ದ. ತೆಲುಗು ಕಲಿಸಿದ್ದು ದಾರಿ.

ಹಾಸಿಗೆ ಕದಲಿಸದೆ ಮೂರು ರಾಜ್ಯ

ಬಳ್ಳಾರಿಯಲ್ಲಿ ರಾಯದುರ್ಗದ ಬಸ್ಸು ಹತ್ತಿದ ಓದುಗರಿಗೆ ರಾಜ್ಯ ಬದಲಾದದ್ದು ಅಂಗಡಿಯ ಬೋರ್ಡು ನೋಡಿದ ಮೇಲೇ ತಿಳಿಯುತ್ತದೆ. ಹೊಲ ನೋಡಿದರೆ ತಿಳಿಯದು. ಅದೇ ಎರೆ, ಅದೇ ಮಸಾರಿ, ಅದೇ ಶೇಂಗಾ, ಬದುವಿಗೆ ಅದೇ ಬೇವು.

ತಾತನ ಪ್ರಾಯದ ಕಾಲದಲ್ಲಿ ಬಳ್ಳಾರಿ ಜಿಲ್ಲೆ ಮದ್ರಾಸು ಪ್ರಾಂತ್ಯದಲ್ಲಿತ್ತು, ರಾಯದುರ್ಗ ಆ ಜಿಲ್ಲೆಯ ತಾಲೂಕು. 1800ರಲ್ಲಿ ನಿಜಾಮ ಕಂಪನಿಯವರಿಗೆ ಬಿಟ್ಟುಕೊಟ್ಟ ನಾಡಾದ್ದರಿಂದ ಹಳಬರು ಇದನ್ನು ‘ದತ್ತ ಮಂಡಲ’ ಎನ್ನುತ್ತಿದ್ದರು. ‘ರಾಯಲಸೀಮೆ’ ಎಂಬ ಹೆಸರು ಬಂದದ್ದು 1928ರಲ್ಲಿ. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯವಾದಾಗ ಬಳ್ಳಾರಿ ಜಿಲ್ಲೆ ಒಡೆಯಿತು. ಆದೋನಿ, ಆಲೂರು, ರಾಯದುರ್ಗ ತಾಲೂಕುಗಳು ಆಂಧ್ರಕ್ಕೆ ಹೋದವು, ಬಳ್ಳಾರಿ ಮೈಸೂರಿಗೆ ಸೇರಿತು. ನಮಗೆ ಜಿಲ್ಲಾ ಕೇಂದ್ರ ಅನಂತಪುರವಾಯಿತು. 1956ರಲ್ಲಿ ಆಂಧ್ರ ಪ್ರದೇಶವಾಯಿತು. ಹೀಗೆ ತಾತ ಮಲಗುವ ಜಾಗ ಕದಲಿಸದೆ ಮೂರು ರಾಜ್ಯ ಕಂಡ. ಮೊದಲು ಮದ್ರಾಸು, ಆಮೇಲೆ ಕರ್ನೂಲು, ಆಮೇಲೆ ಹೈದರಾಬಾದು ಅವನ ರಾಜಧಾನಿಗಳು. “ನಾನೊಬ್ನೇ ತಿರುಗಾಡ್ತೀನಿ ಅಂದ್ಕಂಡಿದ್ದೆ, ರಾಜಧಾನೀನೂ ನನ್ನಂಗೇ ತಿರುಗ್ತಾವೆ ನೋಡು” ಎಂದು ನಗುತ್ತಿದ್ದ.

ನಗು ನಿಂತದ್ದು ತಂಗಿಯ ವಿಷಯಕ್ಕೆ. ಅವಳನ್ನು ಬಳ್ಳಾರಿ ಕಡೆ ಕೊಟ್ಟಿತ್ತು. ಪ್ರತಿ ಸುಗ್ಗಿಗೆ ಒಂದು ಚೀಲ ಜೋಳ ತವರಿನಿಂದ ಅವಳ ಮನೆಗೆ ಹೋಗುವುದು ಪದ್ಧತಿ. ಅರವತ್ತರ ದಶಕದಲ್ಲಿ ದವಸವನ್ನು ರಾಜ್ಯ ದಾಟಿಸಬಾರದೆಂದು ಕಟ್ಟು ಬಂದಾಗ ತಾತನ ಬಂಡಿಯನ್ನೂ ತಡೆದರು. “ಸ್ವಾಮೀ, ಇದು ವ್ಯಾಪಾರ ಅಲ್ಲ, ತಂಗಿ ಪಾಲು” ಎಂದರೆ ರಸೀದಿ ಕೇಳಿದರಂತೆ. ತಂಗಿಯ ಪಾಲಿಗೆ ರಸೀದಿ ಎಲ್ಲಿಂದ ತರುವುದು? ಚೀಲ ಇಳಿಸಿ, ಅಲ್ಲೇ ಗಿಡದ ಕೆಳಗೆ ಕೂತು, ಆ ದಾರಿಯಲ್ಲಿ ನಡೆದುಹೋಗುತ್ತಿದ್ದ ಪರಿಚಯದವರ ಕೈಗೆ ಐದೈದು ಸೇರು ಕೊಟ್ಟು ಕಳಿಸಿದ. ಸಂಜೆಯೊಳಗೆ ಚೀಲ ಖಾಲಿ. ಎಲ್ಲವೂ ತಂಗಿಯ ಮನೆ ಸೇರಿತ್ತು, ಒಂದು ಸೇರೂ ಕಡಿಮೆಯಾಗಿರಲಿಲ್ಲ. ದಾರಿಯ ಪರಿಚಯ ಎಂದರೆ ಏನೆಂದು ಕೇಳಿದಾಗಲೆಲ್ಲ ತಾತ ಈ ಕತೆ ಹೇಳುತ್ತಿದ್ದ.

ಕುರಿಯ ಬೆನ್ನಿನಿಂದ ಮಂದಿಯ ಬೆನ್ನಿಗೆ

ಈಗಿನ ಹುಡುಗರಿಗೆ ಕಂಬಳಿಯ ಕೆಲಸ ಗೊತ್ತಿಲ್ಲ, ಆದ್ದರಿಂದ ಒಂದೆರಡು ಮಾತು. ನಮ್ಮ ಕರಿ ಕುರಿಗೆ ವರ್ಷಕ್ಕೆ ಎರಡು ಸಲ ಉಣ್ಣೆ ಕತ್ತರಿಸುತ್ತಾರೆ. ಕತ್ತರಿಸುವ ಮುಂಚೆ ಕುರಿಯನ್ನು ಹಳ್ಳದ ನೀರಿನಲ್ಲಿ ಮೀಯಿಸಬೇಕು. ಉಣ್ಣೆಯನ್ನು ಬಿಲ್ಲಿನಿಂದ ಹಿಂಜಿದರೆ ಮೋಡದ ಹಾಗೆ ಬಿಡಿಸಿಕೊಳ್ಳುತ್ತದೆ. ನೂಲುವುದು ಹೆಂಗಸರ ಕೆಲಸ. ನಮ್ಮಜ್ಜಿ ರಾಟೆಯ ಮುಂದೆ ಕೂತರೆ ನೂಲು ಹರಿದ ಸದ್ದೇ ಇರುತ್ತಿರಲಿಲ್ಲ. ಹಾಸಿನ ನೂಲಿಗೆ ಹುಣಸೆ ಬೀಜ ಅರೆದು ಕುದಿಸಿದ ಗಂಜಿ ಬಳಿದು, ಬೀದಿಯುದ್ದಕ್ಕೂ ಎಳೆದು ಒಣಗಿಸಿ, ಆಮೇಲೆ ಗುಂಡಿ ಮಗ್ಗಕ್ಕೆ ಏರಿಸುವುದು. ಒಂದು ಕಂಬಳಿಗೆ ಹತ್ತಾರು ಕುರಿಯ ಉಣ್ಣೆ, ಮನೆಮಂದಿಯೆಲ್ಲರ ಕೈ ಬೇಕು.

ಆ ಕಂಬಳಿ ಮಳೆಗೆ ಕೊಪ್ಪೆ, ಚಳಿಗೆ ಹೊದಿಕೆ, ಕಣದಲ್ಲಿ ಹಾಸು, ಮದುವೆಯಲ್ಲಿ ಗದ್ದುಗೆ. ಮೈಲಾರಲಿಂಗನ ಪೂಜೆಗೆ ಅದಿಲ್ಲದೆ ಆಗದು. ನಮ್ಮ ಕಡೆ ಕನ್ನಡದಲ್ಲೂ ತೆಲುಗಿನಲ್ಲೂ ಅದಕ್ಕೆ ಕಂಬಳಿ ಎಂಬ ಒಂದೇ ಹೆಸರು. ಉತ್ತರಕ್ಕೆ ತೆಲಂಗಾಣ ಮುಟ್ಟಿದರೆ ‘ಗೊಂಗಡಿ’. “ಹೆಸರು ಬದಲಾದರೆ ರೇಟೂ ಬದಲಾಗ್ತೈತೆ” ಎಂಬುದು ತಾತನ ವ್ಯಾಪಾರದ ಗುಟ್ಟು.

ಎರಡು ಗಂಟಿನ ರೂಪಾಯಿ

ಪಡುವಣಕ್ಕೆ ಮೊಳಕಾಲ್ಮೂರು, ಚಳ್ಳಕೆರೆ. ಆಗ ಅದು ಮೈಸೂರು ಸಂಸ್ಥಾನ. ಬಡಗಣಕ್ಕೆ ತುಂಗಭದ್ರೆಯನ್ನು ಹರಿಗೋಲಿನಲ್ಲಿ ದಾಟಿದರೆ ರಾಯಚೂರು ಸೀಮೆ, ನಿಜಾಮನ ರಾಜ್ಯ. ಮೂಡಣಕ್ಕೆ ಕಣೇಕಲ್ಲು, ಉರವಕೊಂಡ, ಗುತ್ತಿ, ತಾಡಿಪತ್ರಿ. ತಾತ ಈ ಮೂರೂ ದಿಕ್ಕು ತಿರುಗಿದವನು.

ನಿಜಾಮನ ಕಡೆ ಹೋಗುವಾಗ ಪಂಚೆಯ ಸೆರಗಿನಲ್ಲಿ ಎರಡು ಗಂಟು ಹಾಕಿಕೊಳ್ಳುತ್ತಿದ್ದ. ಒಂದರಲ್ಲಿ ನಮ್ಮ ಕಡೆ ನಡೆಯುವ ಕಂಪನಿ ರೂಪಾಯಿ, ಇನ್ನೊಂದರಲ್ಲಿ ನಿಜಾಮನ ಹಾಲಿ ಸಿಕ್ಕ. ಕಂಪನಿ ನೂರಕ್ಕೆ ಹಾಲಿ ನೂರ ಹದಿನಾರು ಚಿಲ್ಲರೆ. ಓದದ ತಾತ ಈ ಲೆಕ್ಕವನ್ನು ಬೆರಳಿನ ಗೆಣ್ಣಿನಲ್ಲೇ ಹೇಳುತ್ತಿದ್ದ. ಹೊಳೆ ದಾಟಿದೊಡನೆ ಕರೋಡಗಿರಿಯವರು, ಅಂದರೆ ನಿಜಾಮನ ಸುಂಕದವರು, ಗಂಟು ಬಿಚ್ಚಿಸಿ ಕಂಬಳಿ ಎಣಿಸುತ್ತಿದ್ದರು. 1948ರಲ್ಲಿ ರಜಾಕಾರರ ಗಲಾಟೆ ಹೆಚ್ಚಿದಾಗ ಆ ದಾರಿ ನಿಂತಿತು. ಆ ವರ್ಷ ಸೆಪ್ಟೆಂಬರಿನಲ್ಲಿ ಪೊಲೀಸ್ ಕಾರ್ಯಾಚರಣೆ ಮುಗಿದು ಹೈದರಾಬಾದು ಭಾರತಕ್ಕೆ ಸೇರಿದ ಮೇಲೆ ಮತ್ತೆ ಹೊಳೆ ದಾಟಿದ. ಮೊದಲು ಮಾಡಿದ್ದು ವ್ಯಾಪಾರವಲ್ಲ. ಹಳೇ ಗಿರಾಕಿಗಳು ಯಾರು ಉಳಿದರು, ಯಾರು ಹೋದರು ಎಂದು ಮನೆಮನೆಗೆ ಹೋಗಿ ಕೇಳಿ ಬಂದ.

ರೈಲಿನ ಹುಚ್ಚೂ ಇತ್ತು. ಗುಂತಕಲ್ಲಿನಲ್ಲಿ ಮದ್ರಾಸು ಬೊಂಬಾಯಿ ಗಾಡಿ ಸಿಗುತ್ತಿತ್ತು. ಒಮ್ಮೆ ಮದ್ರಾಸಿಗೆ ಹೋಗಿ ಸಮುದ್ರ ನೋಡಿ ಬಂದು, “ಅಷ್ಟು ನೀರೈತೆ, ಒಂದು ಬೊಗಸೆ ಕುಡಿಯಂಗಿಲ್ಲ. ನಮ್ಮ ಹಗರಿ ಒಣಗಿದ್ರೂ ಚಿಲುಮೆ ತೋಡಿದ್ರೆ ನೀರು ಕೊಡ್ತೈತೆ” ಎಂದು ಕಟ್ಟೆಯ ಮೇಲೆ ಹೇಳಿದ್ದು ನಮ್ಮ ಊರಿನಲ್ಲಿ ಗಾದೆಯಂತೆ ಉಳಿದಿದೆ. ಇನ್ನೊಮ್ಮೆ ಸೊಲ್ಲಾಪುರಕ್ಕೆ ಹೋದ. ಗಿರಣಿಯಲ್ಲಿ ಚಾದರ ರಾಶಿ ಬೀಳುವುದನ್ನು ನೋಡಿ ಎರಡು ದಿನ ಮಾತಾಡಲಿಲ್ಲವಂತೆ. ಮೂರನೇ ದಿನ ನಮ್ಮಪ್ಪನಿಗೆ, “ನೀನು ಮಗ್ಗ ನಂಬಬ್ಯಾಡ, ಭೂಮಿ ನೋಡ್ಕ” ಎಂದ. ನಾನು ಇವತ್ತು ರೈತನಾಗಿರುವುದು ಆ ಮಾತಿನಿಂದ.

ಮಲ್ಲಯ್ಯನ ದಾರಿ

ಶ್ರೀಶೈಲಕ್ಕೆ ನಡೆದುಹೋಗುವುದು ಅವನಿಗೆ ಎಲ್ಲಕ್ಕಿಂತ ಇಷ್ಟ. ಯುಗಾದಿಗೆ ಕರ್ನಾಟಕದ ಕಡೆಯಿಂದ ಕಂಬಿ ಹೊತ್ತ ಪರುಸೆ ಹೊರಡುತ್ತದೆ. ಆತ್ಮಕೂರಿನ ಹತ್ತಿರ ವೆಂಕಟಾಪುರದಿಂದ ನಲ್ಲಮಲೆ ಕಾಡು ಹೊಕ್ಕು, ನಾಗಲೂಟಿ, ಪೆದ್ದಚೆರುವು, ಭೀಮುನಿಕೊಲನು ದಾಟಿ ಕೈಲಾಸದ್ವಾರ ಏರಿದರೆ ಮಲ್ಲಯ್ಯನ ಶಿಖರ. ಅಕ್ಕಮಹಾದೇವಿ ಹುಡುಕಿಕೊಂಡು ಹೋದ ಚೆನ್ನಮಲ್ಲಿಕಾರ್ಜುನನ ಬೆಟ್ಟ ಅದೇ. ಭ್ರಮರಾಂಬೆ ಕನ್ನಡದವರ ಮನೆಮಗಳು, ಮಲ್ಲಯ್ಯ ಅಳಿಯ ಎಂಬ ನಂಬಿಕೆ ಇರುವುದರಿಂದ ನಮ್ಮವರು ಅವಳಿಗೆ ಸೀರೆ, ಬಳೆ, ಅರಿಷಿಣ ಕುಂಕುಮ ಒಯ್ಯುತ್ತಾರೆ.

ತಾತ ಏಳು ಸಲ ಆ ದಾರಿ ನಡೆದ. ಮಲ್ಲಯ್ಯನಿಗೂ ವ್ಯಾಪಾರಕ್ಕೂ ಅವನು ಜಗಳ ಹಚ್ಚಲಿಲ್ಲ. ಹೋಗುವಾಗ ದಾರಿಯ ಊರುಗಳಲ್ಲಿ ಕಂಬಳಿ ಉದ್ರಿ ಕೊಡುವುದು, ಬರುವಾಗ ಬಂದಷ್ಟು ವಸೂಲಿ. ಕಾಡಿನಲ್ಲಿ ತೆಲುಗಿನವರು ಪರುಸೆಗೆ ಮಜ್ಜಿಗೆ, ಅಂಬಲಿ ಇಟ್ಟುಕೊಂಡು ಕಾಯುತ್ತಿದ್ದರು. ಅಲ್ಲಿ ರಾತ್ರಿ ಬೆಂಕಿಯ ಸುತ್ತ ಕನ್ನಡದವರು ಸರ್ವಜ್ಞನನ್ನೂ ತೆಲುಗಿನವರು ವೇಮನನನ್ನೂ ಹೇಳುವುದು. ತಾತ ಇಬ್ಬರದ್ದನ್ನೂ ಬಾಯಿಪಾಠ ಮಾಡಿಕೊಂಡು ಬಂದ. ಸರ್ವಜ್ಞನ ಒಂದು ಪದ ಹೇಳಿ, ಅದಕ್ಕೆ ಜೋಡಿಯಾಗುವ ವೇಮನನ ಪದ್ಯ ಹುಡುಕಿ ಹೇಳುವುದು ಅವನ ಆಟ. ಎರಡು ಭಾಷೆಯಲ್ಲಿ ನಾಲ್ಕು ಸಾಲು ಬರೆಯುವ ಚಟ ನನಗೆ ಹತ್ತಿದ್ದು ಆ ಆಟದಿಂದ. ಬೇರೆ ಗುರು ನನಗಿಲ್ಲ.

ನಮ್ಮ ಹಾಲು, ಅವರ ಪಾಲು

ತಾತನಿಗೆ ವ್ಯಾಕರಣ ಗೊತ್ತಿರಲಿಲ್ಲ, ಆದರೆ ಎರಡು ಭಾಷೆಯ ಕೀಲಿ ಗೊತ್ತಿತ್ತು. “ನಮ್ಮ ಹ ಅವರ ಬಾಯಾಗೆ ಪ ಆಗ್ತೈತೆ. ಹಾಲು ಪಾಲು, ಹುಲಿ ಪುಲಿ, ಹಗಲು ಪಗಲು, ಹಂದಿ ಪಂದಿ. ನಮ್ಮ ಕೆ ಅವರಿಗೆ ಚೆ. ಕೆರೆ ಚೆರುವು, ಕಿವಿ ಚೆವಿ, ಕೈ ಚೆಯ್ಯಿ. ಇಷ್ಟು ಗೊತ್ತಾದ್ರೆ ಅರ್ಧ ತೆಲುಗು ಬಂದಂಗೆ” ಎನ್ನುತ್ತಿದ್ದ. ಮುಂದೆ ಭಾಷಾಶಾಸ್ತ್ರದ ಒಂದು ಪುಸ್ತಕದಲ್ಲಿ ಇದನ್ನೇ ಓದಿದಾಗ ನನಗೆ ಹೊಸದೇನೂ ಅನಿಸಲಿಲ್ಲ.

ಉಳಿದರ್ಧದಲ್ಲೇ ತಮಾಷೆ. ತೆಲುಗಿನಲ್ಲಿ ‘ಎದ್ದು’ ಎಂದರೆ ಎತ್ತು. “ಎದ್ದು ಬಂತು” ಎಂದು ಒಬ್ಬ ಕೂಗಿದರೆ ಕನ್ನಡದವನು ಮಲಗಿದ್ದ ಯಾವುದೋ ಎದ್ದು ಬಂತೆಂದು ತಿಳಿಯುತ್ತಾನೆ, ಅಷ್ಟರಲ್ಲಿ ಎತ್ತು ಜೋಳಕ್ಕೆ ಬಾಯಿ ಹಾಕಿರುತ್ತದೆ. ‘ಅವ್ವ’ ನಮಗೆ ತಾಯಿ, ರಾಯಲಸೀಮೆಯ ತೆಲುಗಿನಲ್ಲಿ ಅಜ್ಜಿ. ಮೂವತ್ತರ ಹೆಂಗಸನ್ನು ತಾತ ಗೌರವಕ್ಕೆ “ಅವ್ವಾ” ಎಂದು ಕರೆದು, ಆಕೆ “ನಾನು ಅಷ್ಟು ಮುದುಕಿನಾ?” ಎಂದು ಬಾಗಿಲು ಹಾಕಿಕೊಂಡಳಂತೆ. ಮರುವರ್ಷ ಅದೇ ಮನೆಗೆ “ಅಕ್ಕಾ” ಎಂದು ಹೋಗಿ ಎರಡು ಕಂಬಳಿ ಮಾರಿ ಬಂದ.

ಊರಿಗೆಲ್ಲ ತಾತ, ಮನೆಗೆ ನೆಂಟ

ಇಷ್ಟೆಲ್ಲ ಹೊಗಳಿ ಒಂದು ಮಾತು ಬಿಟ್ಟರೆ ನಮ್ಮಜ್ಜಿಗೆ ಮೋಸ ಮಾಡಿದಂತೆ. ತಾತ ಊರು ಬಿಟ್ಟರೆ ಎರಡು ತಿಂಗಳು, ಕೆಲವೊಮ್ಮೆ ನಾಲ್ಕು ತಿಂಗಳು. ಕುರಿ, ಹೊಲ, ಮಗ್ಗ, ಐದು ಮಕ್ಕಳು, ಎಲ್ಲ ಅಜ್ಜಿಯ ತಲೆಯ ಮೇಲೆ. “ಊರಿಗೆಲ್ಲ ತಾತ, ಮನೀಗೆ ಮಾತ್ರ ನೆಂಟ” ಎಂದು ಎದುರಿಗೇ ಹೇಳುತ್ತಿದ್ದಳು. 1952ರ ಬರದಲ್ಲಿ ರಾಯಲಸೀಮೆಯಲ್ಲೆಲ್ಲ ಗಂಜಿ ಕೇಂದ್ರ ತೆರೆದಿದ್ದರು. ಆಗ ಅಜ್ಜಿ ಮಕ್ಕಳನ್ನು ಕರೆದುಕೊಂಡು ಗಂಜಿಯ ಸಾಲಿನಲ್ಲಿ ನಿಂತಿದ್ದಾಳೆ. ತಾತ ಕಂಬಳಿ ಮಾರಿ ಕಾಳು ತರುತ್ತೇನೆಂದು ಹೋದವನು ಬರುವಷ್ಟರಲ್ಲಿ ಕಡೇ ಮಗಳು ಜ್ವರ ಬಂದು ತೀರಿಹೋಗಿದ್ದಳು. ಮೂರು ವರ್ಷದ ಕೂಸು. ನಮ್ಮಪ್ಪ ಆಗ ಎಂಟು ವರ್ಷದ ಹುಡುಗ, ಗುಂಡಿಗೆ ಮಣ್ಣು ಹಾಕಿದವನು ಅವನೇ. ಮಾತು ನಿಲ್ಲಿಸಲಿಲ್ಲ, ಆದರೆ ತಾತ ದಾರಿಯ ಕತೆ ಶುರು ಮಾಡಿದರೆ ಅಪ್ಪ ಎದ್ದು ಹೊಲಕ್ಕೆ ಹೋಗಿಬಿಡುತ್ತಿದ್ದ.

ತಾತನಿಗೂ ಅದು ಗೊತ್ತಿತ್ತು. ಆ ಮಗಳ ಹೆಸರಿನಲ್ಲಿ ತಾನು ಹೋದ ಊರಿಂದ ತಂದ ಹುಣಸೆ ಬೀಜ ನಮ್ಮ ಹೊಲದ ಬದುವಿಗೆ ಊರಿದ. ಆ ಮರ ಈಗಲೂ ಇದೆ. ಅದರ ಹಣ್ಣನ್ನು ನಾವು ಮಾರುವುದಿಲ್ಲ, ಕೇಳಿದವರಿಗೆ ಕೊಡುತ್ತೇವೆ.

ಉದ್ರಿ ಪುಸ್ತಕ

ತಾತ ಹೋದ ಮೇಲೆ ಪೆಟ್ಟಿಗೆಯಲ್ಲಿ ಸಿಕ್ಕಿದ್ದು ಒಂದು ರುಮಾಲು, ಊರುಗೋಲಿನ ಹಿತ್ತಾಳೆ ತುದಿ, ಮತ್ತು ಉದ್ದನೆಯ ಉದ್ರಿ ಪುಸ್ತಕ. ಕಡೆಯ ಹತ್ತು ವರ್ಷ ಕಾಲು ಸೋತು ಅವನು ವ್ಯಾಪಾರ ಬಿಟ್ಟಿದ್ದ, ಬಾಕಿ ಹಾಗೇ ಉಳಿದಿತ್ತು. ಅಕ್ಷರ ಕನ್ನಡ, ಹೆಸರು ತೆಲುಗಿನವು, ಲೆಕ್ಕ ಎರಡರ ಕಲಬೆರಕೆ. ಸಾವಿನ ಸುದ್ದಿ ಮುಟ್ಟಿಸಿ ಬರೋಣವೆಂದು ಆ ಬೇಸಿಗೆಯಲ್ಲಿ ಅಪ್ಪ ಮತ್ತು ನಾನು ಪುಸ್ತಕ ಹಿಡಿದು ಹೊರಟೆವು. ನನಗೆ ಆಗ ಇಪ್ಪತ್ತು ದಾಟಿತ್ತು, ಎಸ್ಸೆಸ್ಸೆಲ್ಸಿ ಮುಗಿಸಿ ಹೊಲದಲ್ಲಿದ್ದೆ.

ದರ್ಗಾ ಹೊನ್ನೂರಿನ ಹತ್ತಿರ ಹಗರಿಯ ಮರಳು ದಿಬ್ಬದ ಮೇಲೆ ನಡೆಯುವಾಗ ಕಾಲು ಸುಟ್ಟು ಅಪ್ಪ ನಿಂತುಬಿಟ್ಟ. “ಇಂಥಾದ್ರಾಗೆ ಗಂಟು ಹೊತ್ಕಂಡು ಹೆಂಗ್ ನಡೀತಿದ್ದ?” ಎಂದದ್ದು, ತಾತನ ಬಗ್ಗೆ ಅಪ್ಪ ತಾನಾಗಿ ಆಡಿದ ಮೊದಲ ಮಾತು.

ಉರವಕೊಂಡದ ಆಚೆ ಒಂದು ಹಳ್ಳಿಯಲ್ಲಿ ಪುಸ್ತಕದ ಪ್ರಕಾರ ಒಬ್ಬ ಮುದುಕಿಯಿಂದ ಅರವತ್ತು ರೂಪಾಯಿ ಬರಬೇಕಿತ್ತು. ಆಕೆ ತೆಲುಗಿನಲ್ಲಿ ಜಗಳಕ್ಕೇ ನಿಂತಳು. ನಿಮ್ಮ ತಾತ ಹನ್ನೆರಡು ವರ್ಷ ನನ್ನ ಮನೆಯಲ್ಲಿ ರೊಟ್ಟಿ ತಿಂದಿದ್ದಾನೆ, ಲೆಕ್ಕ ಹಾಕಿದರೆ ನೀವೇ ಕೊಡಬೇಕಾಗುತ್ತದೆ ಎಂದಳು. ಅಪ್ಪ ನಕ್ಕು ಆ ಸಾಲಿಗೆ ಗೀಟು ಹಾಕಿದ. ಹೊರಡುವಾಗ ಅವಳೇ ಕಣ್ಣೊರೆಸಿಕೊಂಡು ಒಂದು ಗಂಟು ಕೊರಲೆ ಕೊಟ್ಟಳು. ಇನ್ನೊಂದು ಊರಿನಲ್ಲಿ ಪುಸ್ತಕದಲ್ಲಿ ಹೆಸರೇ ಇಲ್ಲದವನೊಬ್ಬ ಬಂದು, “ನನ್ನ ಮದುವೆಗೆ ಕಂಬಳಿ ಕೊಟ್ಟು ಬರೆದುಕೊಳ್ಳಲಿಲ್ಲ, ಮಗ ಹುಟ್ಟಿದ ಮೇಲೆ ಕೊಡು ಅಂದಿದ್ದ” ಎಂದು ದುಡ್ಡು ಎಣಿಸಿದ. ಕೊಡಲಾಗದ ಮನೆಗಳೂ ಇದ್ದವು, ಕೊಡಲು ಮನಸ್ಸಿಲ್ಲದವೂ ಇದ್ದವು. ಯಾರನ್ನೂ ಅಪ್ಪ ಎರಡನೇ ಸಲ ಕೇಳಲಿಲ್ಲ. ಹತ್ತೊಂಬತ್ತು ದಿನ ತಿರುಗಿ ಬಂದೆವು. ಕೈಗೆ ಬಂದ ದುಡ್ಡು ಬಸ್ ಚಾರ್ಜಿಗೂ ಅನ್ನದಾನಕ್ಕೂ ಸರಿಹೋಯಿತು. ಮನೆ ಸೇರಿದ ರಾತ್ರಿ ಅಪ್ಪ ಅಜ್ಜಿಯ ಹತ್ತಿರ ಕೂತು, ಯಾವ ಊರಿನಲ್ಲಿ ಯಾರು ಏನಂದರು ಎಂದು ಒಂದೊಂದೇ ಹೇಳಿದ. ಅಜ್ಜಿ ಕೇಳುತ್ತಾ ಕೇಳುತ್ತಾ, “ಎಲ್ಲಾ ಕಡೆ ಇದ್ದನಲ್ಲಪ್ಪಾ” ಎಂದಳು. ಅದು ದೂರೋ ಸಮಾಧಾನವೋ ನನಗೆ ತಿಳಿಯಲಿಲ್ಲ, ಎರಡೂ ಇರಬಹುದು.

ಈಗ

ಉಣ್ಣೆಗೆ ಈಗ ಬೆಲೆಯಿಲ್ಲ. ಕತ್ತರಿಸಿದ ಕೂಲಿಯೂ ಹುಟ್ಟುವುದಿಲ್ಲವೆಂದು ಕುರುಬರು ಅದನ್ನು ಬೇಲಿಗೆ ಎಸೆಯುತ್ತಾರೆ. ಕರಿ ಕುರಿ ಬಿಟ್ಟು ಉಣ್ಣೆಯಿಲ್ಲದ ನೆಲ್ಲೂರು ಜಾತಿಯ ಕುರಿ ಸಾಕುವವರು ಹೆಚ್ಚಾಗಿದ್ದಾರೆ, ಮಾಂಸಕ್ಕೆ ರೇಟಿದೆ. ನಮ್ಮ ಊರಿನ ಕಡೇ ಮಗ್ಗದ ಗುಂಡಿ ಮುಚ್ಚಿ ಅದರ ಮೇಲೆ ಸಿಮೆಂಟು ಹಾಕಿದ್ದಾರೆ. ಕನ್ನಡ ಶಾಲೆಯಲ್ಲಿ ಮಕ್ಕಳು ಕಡಿಮೆ. ನೌಕರಿ ತೆಲುಗಿನಲ್ಲಿ, ದೊಡ್ಡ ನೌಕರಿ ಇಂಗ್ಲಿಷಿನಲ್ಲಿ ಎಂದು ತಾಯಿತಂದೆ ಲೆಕ್ಕ ಹಾಕುತ್ತಾರೆ, ಅವರನ್ನು ಬಯ್ಯುವಂತಿಲ್ಲ. ಕರ್ನಾಟಕದ ಕಡೆಗೆ ನಾವು ‘ಆಂಧ್ರದವರು’, ಆಂಧ್ರದ ಕಡೆಗೆ ‘ಕನ್ನಡದವರು’. ತಾತನನ್ನು ಮಾತ್ರ ಯಾರೂ ಎರಡರಲ್ಲಿ ಒಂದು ಎಂದು ಕರೆದಿರಲಿಲ್ಲ.

ಹೋದ ವರ್ಷ ನನ್ನ ತಮ್ಮನ ಮಗಳು, ಒಂಬತ್ತನೇ ತರಗತಿಯವಳು, ಪೆಟ್ಟಿಗೆಯಿಂದ ಉದ್ರಿ ಪುಸ್ತಕ ತೆಗೆದಳು. ಅವಳು ಓದಿದ್ದು ತೆಲುಗು, ಇಂಗ್ಲಿಷು. ಕನ್ನಡ ಮಾತಾಡುತ್ತಾಳೆ, ಓದಲು ಕಲಿಸಿಲ್ಲ. ಎರಡು ಲಿಪಿ ಒಂದೇ ಬೇರಿನವು, ತಲೆಕಟ್ಟು ಬೇರೆ, ಕೆಲವು ಅಕ್ಷರ ಬೇರೆ. ಅವಳು ‘ಕ’ದಲ್ಲಿ ಒಮ್ಮೆ, ‘ಶ’ದಲ್ಲಿ ಒಮ್ಮೆ ನಿಂತಳು. ನಾನು ಹೇಳಿಕೊಟ್ಟೆ. ಅರ್ಧ ಗಂಟೆಯಲ್ಲಿ ಒಂದು ಪುಟ ಓದಿದಳು. “ದೊಡ್ಡಪ್ಪಾ, ಇದು ಅಷ್ಟು ಕಷ್ಟ ಇಲ್ಲ” ಎಂದಳು. ಅಂದಿನಿಂದ ಭಾನುವಾರ ಸಂಜೆ ಅವಳ ಜೊತೆ ಬೀದಿಯ ನಾಲ್ಕು ಮಕ್ಕಳು ನಮ್ಮ ಜಗುಲಿಗೆ ಬರುತ್ತಾರೆ. ಓದುವುದಕ್ಕೆ ಉದ್ರಿ ಪುಸ್ತಕ ಒಂದೇ ಸಾಲುವುದಿಲ್ಲ, ಅದರಲ್ಲಿ ಬರೀ ಬಾಕಿಯಿದೆ. ಬಳ್ಳಾರಿ, ಚಿತ್ರದುರ್ಗದ ಕಡೆಯ ಓದುಗರ ಮನೆಯಲ್ಲಿ ಮಕ್ಕಳು ಓದಿ ಬಿಟ್ಟ ಕನ್ನಡ ಪುಸ್ತಕ, ಕತೆಯ ಪುಸ್ತಕ ಇದ್ದರೆ ರಾಯದುರ್ಗದ ಕಡೆಗೆ ಹೋಗುವ ನೆಂಟರ ಕೈಯಲ್ಲಿ ಯಾವುದಾದರೂ ಗಡಿ ಹಳ್ಳಿಯ ಶಾಲೆಗೆ ಕೊಟ್ಟು ಕಳಿಸಿ. ತಂಗಿಯ ಮನೆಗೆ ತಾತ ಜೋಳ ಕಳಿಸಿದ್ದು ಹಾಗೆಯೇ, ಐದೈದು ಸೇರು.